ಗೋಲಿನ ಹಿಂದೆ ಕೂತ್ಕೊಳ್ಳೋಳು

ಮಂಜೇರಿ,
ಭಾನುವಾರ ರಾತ್ರಿ

ಲಕ್ಷ್ಮಕ್ಕಾ,

ಇವತ್ತು ದಿನಾನೇ ಸರಿ ಇರ್ಲಿಲ್ಲ. ಬೇಕರಿ ಓವನ್ನಿನ ಬಾಗ್ಲು ಸರ್ಯಾಗಿ ಮುಚ್ಚಲ್ಲ, ಬೆಳಿಗ್ಗೆ ಹಾಕಿದ ಬನ್ನೆಲ್ಲ ಒಂದು ಕಡೆ ಸೀದು ಒಂದು ಕಡೆ ಹಸಿ. ಓನರ್ರು ಓವನ್ ಮುಖ ನೋಡ್ಲಿಲ್ಲ, ನನ್ ಮುಖ ನೋಡಿದ್ರು. ರೂಮಿಗೆ ಬಂದ್ರೆ ನೀರಿಲ್ಲ. ಸಂಜಿ ಗ್ರೌಂಡಿಗೆ ಹೋದ್ರೆ ಜನದ ಕಾಲಾಗೆ ಒಂದು ಚಪ್ಲಿ ಹೋತು. ಇಷ್ಟೆಲ್ಲ ಆಗಿ ನಿಂಗೆ ಫೋನ್ ಮಾಡಿದ್ರೆ ಸ್ವಿಚ್ ಆಫ್. ಭಾವ ಜಗಳೂರಾಗೆ, ನೀನು ನ್ಯಾಮತಿ ಹತ್ರ ತೌರುಮನೇಲಿ, ರಾತ್ರಿ ಫೋನ್ ಆಫ್ ಮಾಡಿ ಮಲಗಿದ್ರೆ ಆ ಮನುಷ್ಯ ಏನ್ ಅನ್ಕೋಬೇಕು?

ಟೆರೇಸ್ ಮ್ಯಾಲೆ ನೀರಿನ ಟ್ಯಾಂಕ್ ಪಕ್ಕ ಕೂತಿದೀನಿ. ಬರಿಯಾಕೆ ಕೂತ್ರೆ ನಂಗೆ ಎರಡನೇ ಸಾಲು ಬರಲ್ಲ ಅಂತ ನಿಂಗೇ ಗೊತ್ತು. ಅದ್ಕೆ ವಾಯ್ಸ್ ಕಳಿಸ್ತಿದೀನಿ, ಕಾಗದ ಬಂತು ಅನ್ಕೊಂಡು ಕೇಳು. ಎದ್ದ ತಕ್ಷಣ ಕೇಳು. ಅಜ್ಜ ಪಕ್ಕದಾಗಿದ್ರೆ ಹಿತ್ಲಿಗೆ ಹೋಗು. ಅವ್ವ ಇದ್ರೆ ಇನ್ನೂ ದೂರ ಹೋಗು.

ವಿಷ್ಯ ಏನಂದ್ರೆ, ನಾಳೆ ಮಧ್ಯಾಹ್ನ ನಮ್ಮನೆಗೆ ಒಂದು ಫೋಟೋ ಬರ್ತೈತೆ. ಬಶೀರಣ್ಣ ಅಂತ ಇಲ್ಲಿಯ ಡ್ರೈವರ್ರು, ಚನ್ನಗಿರಿಗೆ ಅಡಿಕೆ ಲೋಡಿಗೆ ಹೊಂಟಾರೆ. ಗಾಡಿ ಆಗ್ಲೇ ಬಿಡ್ತು. ಲೋಡಿಗೆ ಮುಂಚೆ ನಮ್ಮನೆಗೇ ಬಂದು ಕೈಯಾರೆ ಕೊಡ್ತಾರಂತೆ. ಕಿಟಕಿಯಷ್ಟು ದೊಡ್ಡ ಫೋಟೋ ಅಕ್ಕಾ. ಬಂಗಾರದ ಬಣ್ಣದ ಫ್ರೇಮು, ಗಂಧದ ಹಾರ, ಕೆಳಗೆ ಅಜ್ಜಿ ತೀರ್ಕೊಂಡ ತಾರೀಖು. ಆದ್ರೆ ಫೋಟೋದಾಗೆ ಇರೋದು ಅಜ್ಜಿ ಅಲ್ಲ. ಅಜ್ಜ. ನಮ್ಮಜ್ಜ ಧರ್ಮಪ್ಪ. ಈಗ ನಿನ್ ಪಕ್ಕದ ಕೋಣ್ಯಾಗೆ ಗೊರಕೆ ಹೊಡಿತಿರೋನು.

ನಗ್ಬ್ಯಾಡ. ನಾಳೆ ಆ ಹಾರ ಅವ್ವನ ಕಣ್ಣಿಗೆ ಬಿದ್ರೆ ಏನಾಗ್ತೈತೆ ನೀನೇ ಯೋಚ್ನೆ ಮಾಡು. ಅಜ್ಜಿ ಹೋಗಿ ಇನ್ನೂ ತಿಂಗ್ಳಾಗಿಲ್ಲ, ಉಳಿದಿರೋ ಮುದುಕಂಗೂ ಮಕ್ಳೇ ಹಾರ ಹಾಕಿ ಕಳ್ಸಿದಾರೆ ಅಂತ ಎದೆ ಬಡ್ಕೊಳ್ತಾಳೆ. ನೀನು ಒಂದು ಕೆಲ್ಸ ಮಾಡು. ಬೆಳಿಗ್ಗೆ ಅಜ್ಜನ್ನ ಅವ್ವನ ಜೊತೆ ಸೂರಗೊಂಡನಕೊಪ್ಪಕ್ಕೆ ಕಳಿಸ್ಬಿಡು, ಹರಕೆ ಐತೆ ಅನ್ನು. ಚನ್ನಗಿರಿಗೆ ಮಾತ್ರ ಕಳಿಸ್ಬ್ಯಾಡ, ಗಾಡಿ ಅಲ್ಲೇ ಬರೋದು.

ಇಲ್ಲಿಯೋರಿಗೆ ಕನ್ನಡ ಬರಲ್ಲಕ್ಕಾ, ನಂಗೆ ಮಲಯಾಳ ಅಷ್ಟಕ್ಕಷ್ಟೆ. ಏನೋ ತಪ್ಪು ತಿಳ್ಕೊಂಡಾರೆ. ಅಷ್ಟೆ.

ರೆಕಾರ್ಡು ಕಟ್ ಮಾಡಿದ್ದೆ. ಮತ್ತೆ ಶುರು ಮಾಡ್ದೆ.

ಅವ್ರೇನೂ ತಪ್ಪು ತಿಳ್ಕೊಂಡಿಲ್ಲ. ನಾನೇ ಹೇಳಿದ್ದು.

ಇಲ್ಲಿಗೆ ಬಂದ ಹೊಸದ್ರಾಗೆ, ರೂಮಲ್ಲಿ ಎಲ್ರೂ ಮ್ಯಾಚ್ ನೋಡ್ತಾ ಕೂತಿದ್ರು. ಇಲ್ಲಿ ಮನೆ ಮನೆಗೂ ಫುಟ್‌ಬಾಲು. ಏಳೇಳು ಜನ ಆಡೋ ಆಟ, ರಾತ್ರಿ ಲೈಟ್ ಹಾಕಿ, ಸುತ್ತ ಮರದ ಗ್ಯಾಲರಿ ಕಟ್ಟಿ. ನಮ್ ಬೇಕರಿ ಮೇಸ್ತ್ರಿ ಶಂಸು ಕೇಳ್ದ, ನಿಮ್ಮೂರ ಕಡೆ ಇದೆಲ್ಲ ಯಾರಿಗಾದ್ರೂ ಗೊತ್ತೇನೋ ಅಂತ. ಬಾಯಿಗೆ ಅಜ್ಜಿ ಹೆಸರೇ ಬಂತು ಅಕ್ಕಾ. ಬಾಯಿ ತನಕ ಬಂತು.

ಆಗ ಕಣ್ಣಿಗೆ ಕಟ್ಟಿದ್ದೇನು ಗೊತ್ತಾ? ಹೊನ್ನಾಳಿ ಹೊಳೆ ಕಡೆ ಮೈದಾನ, ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ, ಕೈಯಾಗೆ ಸುಣ್ಣದ ಡಬ್ಬಿ ಹಿಡ್ಕೊಂಡು ಬಗ್ಗಿ ಬಗ್ಗಿ ಗೆರೆ ಎಳಿಯೋ ನಮ್ಮಜ್ಜಿ ಉಡಚಮ್ಮ. ಮೊಣಕೈ ತನಕ ಬಿಳೀ. ಗೆರೆ ಮುಗಿದ ಮ್ಯಾಲೆ ಗೋಣಿಚೀಲ ಹಾಸ್ಕೊಂಡು ಗೋಲಿನ ಹಿಂದೆ ಕೂತು ಕಿರುಚೋಳು. ಇವರು ನಗ್ತಾರೆ ಅನ್ನಿಸ್ತು. ಅದ್ಕೆ ಅಜ್ಜ ಅಂದ್ಬಿಟ್ಟೆ.

ಅಂದಿದ್ದು ಅಲ್ಲಿಗೇ ನಿಂತಿದ್ರೆ ಆಗ್ತಿತ್ತು. ಅವ್ರು ಕೇಳ್ತಾ ಹೋದ್ರು, ನಾನು ಹೇಳ್ತಾ ಹೋದೆ. ಅಜ್ಜಂಗೆ ಇಸ್ತ್ರಿ ಪ್ಯಾಂಟ್ ಹಾಕ್ದೆ. ಕಾಲಿಗೆ ಬೂಟು ತೊಡಿಸ್ದೆ. ಕೊರಳಿಗೆ ಸೀಟಿ ಕಟ್ದೆ. ಜಲ್ಮದಾಗೆ ಒಂದು ಮ್ಯಾಚೂ ನೋಡದ ಮನುಷ್ಯ, "ಆ ಚೆಂಡಿನ ಹುಚ್ಚಿ ಎಲ್ಲಿ ಹೋದ್ಲು" ಅಂತ ಬೈಕೊಂತ ಮ್ಯಾಚಿನ ದಿನ ತಾನೇ ರೊಟ್ಟಿ ತಟ್ಟೋನು, ಅಂಥೋನ್ನ ಇಡೀ ಜಿಲ್ಲೆಗೆ ದೊಡ್ಡ ಫುಟ್‌ಬಾಲ್ ಪಂಡಿತ ಮಾಡ್ದೆ. ಅವನ ಫೋಟೋ ಕೇಳಿದ್ರು, ನಿನ್ ಮಗಳ ನಾಮಕರಣದ್ದು ಫೋನಾಗಿತ್ತು, ಪೇಟ ಸುತ್ಕೊಂಡು ನಿಂತಿದ್ದು, ಕಳಿಸ್ದೆ. ಅದನ್ನೇ ಈಗ ದೊಡ್ದು ಮಾಡ್ಸಿದಾರೆ.

ಆದ್ರೆ ಕತೆಗಳು ಮಾತ್ರ ಎಲ್ಲಾ ಅಜ್ಜಿವೇ.

ಮೊದ್ಲನೇ ಸಲ ಅವ್ಳು ಆಟ ನೋಡಿದ್ದು ಹೆಂಗೆ ಅಂತ ಹೇಳ್ತಿದ್ಲಲ್ಲ, ಅದೂ ಹೇಳಿದೀನಿ. ರಸ್ತೆ ಜಲ್ಲಿ ಕೆಲ್ಸಕ್ಕೆ ಹೋದೋಳನ್ನ ಕರ್ದು ಯಾರೋ ಗೆರೆ ಹಾಕು ಅಂದ್ರಂತೆ. ಹಾಕಿ, ಇದ್ಯಾಕ್ರಪ್ಪಾ ಅಂತ ಕೇಳಿದ್ಲಂತೆ. ಇದನ್ನ ಚೆಂಡು ದಾಟ್ಬಾರ್ದಮ್ಮ ಅಂದ್ರಂತೆ. "ನಾನು ಬಿಸ್ಲಾಗೆ ಸೊಂಟ ಮುರ್ಕೊಂಡು ಹಾಕಿದ ಗೆರೆನ ಈ ನನ್ ಮಕ್ಳು ದಾಟ್ತಾರೋ ಇಲ್ಲೋ ನೋಡೇ ಬಿಡಾನ ಅಂತ ಕೂತೆ" ಅಂತಿದ್ಲು. ಕೂತೋಳು ಎದ್ದಿದ್ದು ಈಗ, ನಾಕು ಜನ ಎತ್ತಿದಾಗ.

ಸಾಯೋ ತನಕ ಹೊನ್ನಾಳಿ ಟೀಮೇ. ಆ ಟೀಮು ಗೆದ್ದಿದ್ದು ನೀನು ನೋಡಿದೀಯೇನು? ನಾನಂತೂ ನೋಡಿಲ್ಲ. ಚನ್ನಗಿರಿಯೋರು ಬಂದ್ರೆ ಹೊಡ್ದು ಹೋಗೋರು. ಗೆಲ್ಲೋ ಟೀಮ್ ಹಿಡಿಯಜ್ಜಿ ಅಂದ್ರೆ, "ನಿಮ್ಮಜ್ಜನ್ನ ಬಿಟ್ನೇನು? ಇದನ್ನ ಹೆಂಗ್ ಬಿಡ್ಲಿ" ಅನ್ನೋಳು.

ಆ ಗೋಲ್ ಕೀಪರ್ ಕತೆ ಹೇಳ್ದಾಗ ಇಲ್ಲಿ ಎಲ್ರೂ ಬಿದ್ದು ಬಿದ್ದು ನಕ್ಕಿದ್ರು. ಅಜ್ಜಿ ಯಾವತ್ತೂ ಎದುರು ಟೀಮಿನ ಗೋಲಿನ ಹಿಂದೇನೇ ಕೂರೋಳಲ್ಲ, ಹಾಫ್ ಟೈಮಿಗೆ ಚೀಲ ಎತ್ಕೊಂಡು ಆ ಕಡೆಗೆ ಹೋಗೋಳು. ಚನ್ನಗಿರಿ ಹುಡ್ಗ ಒಬ್ಬ ನಿಂತಿದ್ದ. ಯಾವೂರಪ್ಪಾ ಅಂದ್ಲು. ಕೆರೆಬಿಳಚಿ ಅಂದ. ಯಾರ ಮಗ? ಹೇಳ್ದ. ಮದ್ವಿ ಆಗೈತಾ? ಇಲ್ಲ ಅಂದ. "ಇಷ್ಟು ವಯಸ್ಸಾದ್ರೂ ಆಗಿಲ್ವಾ? ಯಾಕಪ್ಪಾ, ಏನ್ ತೊಂದ್ರೆ?" ಅವನು ತಿರುಗಿ, ತೊಂದ್ರೆ ಏನಿಲ್ಲ ಅಜ್ಜಿ ಅನ್ನಾಷ್ಟೊತ್ತಿಗೆ ಚೆಂಡು ಒಳಗೆ. ರೆಫರಿ ಓಡಿ ಬಂದು ಏಳಮ್ಮ ಮೇಲೆ ಅಂದ್ರೆ ಅಜ್ಜಿ ಏಳ್ಬೇಕಲ್ಲ. "ನಾನೇನು ಬೈದ್ನಾ? ಕ್ಷೇಮ ಕೇಳ್ದೆ. ಕ್ಷೇಮ ಕೇಳಬಾರ್ದು ಅಂತ ನಿನ್ ರೂಲ್ಸ್ ಪುಸ್ತಕದಾಗೆ ಎಲ್ಲೈತೆ, ತೋರ್ಸು." ಆ ಮ್ಯಾಚೂ ಹೊನ್ನಾಳಿಯೋರು ಸೋತ್ರು, ಆ ಮಾತು ಬ್ಯಾರೆ.

ಅದೆಲ್ಲಾ ಅಜ್ಜ ಮಾಡಿದ್ದು ಅಂತ ಹೇಳ್ದೆ ಅಕ್ಕಾ. ಅಜ್ಜಂದು ಅಂದ್ರೆ ಇವರಿಗೆ ಅದು ಚಾಲಾಕಿತನ. ಅಜ್ಜಿದು ಅಂದ್ರೆ ಏನಂತಿದ್ರೋ, ನಂಗೇನ್ ಗೊತ್ತು. ನಾನು ಕೇಳಿ ನೋಡ್ಲೇ ಇಲ್ಲ.

ಅಜ್ಜಿ ಮಣ್ಣಿಗೆ ಬರಾಕೆ ರಜ ಕೇಳಿದಾಗ ಶಂಸು, ಯಾರು ತೀರ್ಕೊಂಡ್ರೋ ಅಂದ. ನಾನು ಅಳ್ತಿದ್ದೆ. ಅಳ್ತಾನೇ ಅಜ್ಜ ಅಂದೆ. ಅಜ್ಜಿ ಅಂದ್ರೆ, ಓ ಅಜ್ಜೀನಾ ಅಂತ ಅರ್ಧ ದುಃಖ ಪಡ್ತಾರೆ ಅನ್ನಿಸ್ತು. ಫುಟ್‌ಬಾಲಿನ ಅಜ್ಜ ಅಂದ್ರೆ ಪೂರಾ ದುಃಖ. ನಾನು ಹಿಂಗೆಲ್ಲ ಲೆಕ್ಕ ಹಾಕೋನು ಅಂತ ನಂಗೇ ಗೊತ್ತಿರ್ಲಿಲ್ಲ.

ಇವತ್ತು ಇಲ್ಲಿ ಫೈನಲ್ಲು. ಆಟ ಶುರು ಆಗೋಕೆ ಮುಂಚೆ ಕ್ಲಬ್ಬಿನೋರು ಮೈಕಲ್ಲಿ ನನ್ ಹೆಸರು ಕರದ್ರು. ಮಧ್ಯಕ್ಕೆ ಹೋದೆ. ಫೋಟೋ ತಂದು ಕುರ್ಚಿ ಮ್ಯಾಲೆ ಇಟ್ರು. ಕರ್ನಾಟಕದ ಧರ್ಮಪ್ಪ, ಬದುಕಿಡೀ ಸೋಲೋ ಟೀಮಿಗೆ ನಿಂತ ಮನುಷ್ಯ, ಅಂದ್ರು. ಗ್ಯಾಲರಿ ಪೂರಾ ಎದ್ದು ನಿಂತ್ರು. ಕಡ್ಲೆ ಮಾರೋನೂ ಬುಟ್ಟಿ ಇಳಿಸಿ ನಿಂತ. ಅಷ್ಟು ಜನ ಒಂದು ನಿಮಿಷ ಉಸಿರು ಬಿಡ್ಲಿಲ್ಲ. ನಾನು ತಲೆ ಬಗ್ಗಿಸಿ ನಿಂತಿದ್ದೆ. ಯಾರಾದ್ರೂ ನೋಡಿದ್ರೆ ದುಃಖ ಅನ್ಕೋಬೇಕು. ಒಳಗೆ ಒಂದೇ ಯೋಚ್ನೆ, ಅಜ್ಜ ಈಗ ಅಲ್ಲಿ ಎಲೆಅಡಿಕೆ ಕುಟ್ತಿರ್ತಾನೆ ಅಂತ. ಮೈಕು ಒಂದು ಮಾರು ದೂರದಾಗಿತ್ತು. ಕೈ ಚಾಚಿ ಇಸ್ಕೊಂಡು, ಅಲ್ರೀ, ಅಜ್ಜ ಅಲ್ಲ ಅಜ್ಜಿ, ಅವ್ಳ ಹೆಸರು ಉಡಚಮ್ಮ ಅನ್ನಾಕೆ ಎಷ್ಟೊತ್ತು? ಅನ್ಲಿಲ್ಲ. ಆಟ ಮುಗಿದ ಮ್ಯಾಲೆ ಒಳ್ಳೇ ಗೋಲ್ ಕೀಪರ್‌ಗೆ ಅಜ್ಜನ ಹೆಸರಲ್ಲಿ ಒಂದು ಕಪ್ಪೂ ಕೊಟ್ರು. ನನ್ ಕೈಲೇ ಕೊಡಿಸಿದ್ರು. ಕೊಟ್ಟೆ. ಫೋಟೋಕ್ಕೆ ನಿಂತೆ.

ಇನ್ನೊಂದು ಹೇಳ್ಬೇಕು. ಇದನ್ನ ಕೇಳಿ ನೀನು ನನ್ ಜೊತೆ ಮಾತು ಬಿಟ್ರೂ ಬಿಡು.

ಸಂಕ್ರಾಂತಿ ಆದ್ಮೇಲೆ ಅಜ್ಜಿ ಫೋನ್ ಮಾಡಿದ್ಲು. ಇಲ್ಲಿಯ ಮ್ಯಾಚು ನೀನೇ ಮೊಬೈಲಲ್ಲಿ ತೋರಿಸಿದ್ಯಂತೆ. "ರಾತ್ರಿ ಲೈಟ್ ಹಾಕಿ ಆಡ್ತಾರಲ್ಲೋ ಕೆಂಚಾ, ಹುಲ್ಲೆಲ್ಲ ಹಗಲಿನಂಗೆ ಕಾಣ್ತೈತಲ್ಲೋ. ಚನ್ನಗಿರಿಗೆ ಅಡಿಕೆ ಗಾಡಿ ಬರ್ತಾವಂತಲ್ಲ, ಅದ್ರಾಗೆ ಕೂತು ಬರ್ತೀನಿ. ಒಂದೇ ಒಂದು ಮ್ಯಾಚು ತೋರ್ಸು" ಅಂದ್ಲು. ಬಂದ್ರೆ ನನ್ ಬಣ್ಣ ಬಯಲಾಗ್ತಿತ್ತು. ಸೀಜನ್ ಮುಗೀತಜ್ಜಿ ಅಂದೆ. ನಾನು ಆಗ ನಿಂತಿದ್ದು ಗ್ಯಾಲರಿ ಕೆಳಗೇನೇ. ಸರಿಯಾಗಿ ಆಗ್ಲೇ ಗೋಲಾತು, ಜನ ಹೋ ಅಂದ್ರು, ಸೀಟಿ ಊದಿದ್ರು. ಅದೇನೋ ಗಲಾಟಿ ಅಂದ್ಲು. ಮದ್ವಿ ಅಜ್ಜಿ ಅಂದೆ. ಆ ಸೀಟಿ ಅವ್ಳಿಗೆ ಗೊತ್ತಾಗಲ್ವಾ ಅಕ್ಕಾ? ಐವತ್ತು ವರ್ಷ ಕೇಳಿದೋಳು. ಜಗಳ ಆಡ್ಲಿಲ್ಲ. "ಹೋಗಪ್ಪ, ಮದ್ವಿ ಊಟ ತಣ್ಣಗಾಗ್ತೈತೆ" ಅಂತ ಅಂದು ಇಟ್ಲು.

ಅದಾದ್ಮೇಲೆ ಎಷ್ಟು ಸಲ ಮಾತಾಡಿದ್ರೂ ಮ್ಯಾಚಿನ ಸುದ್ದಿ ಎತ್ಲಿಲ್ಲ. ನಂಗೆ ನಾಚ್ಕೆ ಆಗ್ಬಾರ್ದು ಅಂತ ಎತ್ಲಿಲ್ಲ. ಅವ್ಳು ನನ್ ಮರ್ಯಾದಿ ಕಾದ್ಲು. ನಾನು ಅವ್ಳ ಹೆಸರೇ ಹೇಳ್ಲಿಲ್ಲ.

ಇಷ್ಟೇ ಅಕ್ಕಾ. ಹೆಂಗಾದ್ರೂ ನಾಳೆ ಒಂದು ದಿನ ಅಜ್ಜನ್ನ ಮನೆಯಿಂದ ಸಾಗ್ಹಾಕು. ಫೋಟೋನ ಅಟ್ಟಕ್ಕೆ ಹಾಕು. ಮುಂದಿನ ಸಲ ಬಂದಾಗ ನಾನೇ ಹೊಳೆಗೆ ಬಿಟ್ಟು ಬರ್ತೀನಿ.

ನಿನ್ ಮುಖ ನೋಡಾಕೆ ಆಗದ ತಮ್ಮ,
ಕೆಂಚೇಶ

ತಾ.ಕ.: ಇನ್ನೂ ಮಲಗಿಲ್ಲ. ಮೇಲಿಂದು ಕೇಳ್ದೆ ಇದ್ರೂ ಪರ್ವಾಗಿಲ್ಲ, ಇದನ್ನ ಕೇಳು.

ಬಶೀರಣ್ಣಂಗೆ ಫೋನ್ ಮಾಡ್ದೆ. ಎಲ್ಲಾ ಹೇಳ್ದೆ. ಗಾಡಿ ಸೈಡಿಗೆ ಹಾಕಿದ್ರು ಅನ್ಸುತ್ತೆ, ಇಂಜಿನ್ ಸದ್ದು ನಿಂತು ಹೋತು. ಅವ್ರಿಗೆ ಅಡಿಕೆ ವ್ಯಾಪಾರದ ಕನ್ನಡ ಬರ್ತೈತೆ. "ಇವತ್ತು ಅಷ್ಟು ಜನ ಎದ್ದು ನಿಂತ್ರಲ್ಲೋ, ಯಾರಿಗೆ ನಿಂತ್ರು?" ಅಂತ ಕೇಳಿದ್ರು. ಅಜ್ಜಿಗೇ ಅಣ್ಣಾ, ಅಂದೆ. "ಅಲ್ಲ. ಅವಳಿಗೆ ಯಾರೂ ನಿಂತಿಲ್ಲ" ಅಂದ್ರು. ಇಟ್ಬಿಟ್ರು.

ಆಮೇಲೆ ಅವ್ರೇ ಮಾಡಿದ್ರು. ಫೋಟೋ ಗಾಡೀಲೇ ಇರ್ತೈತಂತೆ, ಇಳಿಸಲ್ಲ. ಆದ್ರೆ ಮನೆಗೆ ಬಂದೇ ಬರ್ತಾರಂತೆ. ಅಜ್ಜಿದೊಂದು ಫೋಟೋ ಇಸ್ಕೊಂಡು ಹೋಗ್ಬೇಕಂತೆ, ನಿನ್ ಹತ್ರ ಇದ್ರೆ ಈಗ್ಲೇ ಕಳಿಸು ಅಂದ್ರು. ಫೋನ್ ಪೂರಾ ಹುಡುಕ್ದೆ ಅಕ್ಕಾ. ನನ್ ಹತ್ರ ಅಜ್ಜಿದು ಒಂದೂ ಇಲ್ಲ. ನೀನು ಹುಡುಕಿ ಕೊಡು. ಸುಣ್ಣ ಮೆತ್ಕೊಂಡಿರೋದು ಸಿಕ್ರೆ ಅದನ್ನೇ ಕೊಡು. ಅಜ್ಜನ್ನ ಎಲ್ಲಿಗೂ ಕಳಿಸ್ಬ್ಯಾಡ, ಅವನೇ ಬಶೀರಣ್ಣಂಗೆ ಊಟ ಹಾಕ್ಲಿ.

ಶಂಸುಗೆ, ಕ್ಲಬ್ಬಿನೋರಿಗೆ ಬಶೀರಣ್ಣ ಹೇಳಲ್ವಂತೆ. ನೀನೇ ಹೇಳು ಅಂತ ನಂಗೆ ಅಂದ್ರು. ನಾಳೆ ಸಂಜಿ ಅವರೆಲ್ಲ ಚಾ ಕುಡಿಯಾಕೆ ಬೇಕರಿ ಮುಂದೆ ಸೇರ್ತಾರೆ. ಆಗ ನೀನು ಫೋನ್ ಮಾಡು, ನಾನು ಸ್ಪೀಕರ್ ಹಾಕಿ ಜೇಬಲ್ಲಿ ಇಟ್ಕೊಂತೀನಿ. ನೀನು ಏನೂ ಮಾತಾಡ್ಬ್ಯಾಡ, ಸುಮ್ನೆ ಕೇಳ್ತಿರು. ನಡುವೆ ಎಲ್ಲಾದ್ರೂ ನಾನು ಅಜ್ಜ ಅಂದ್ರೆ ಮಾತ್ರ ಅಲ್ಲೇ ತಡೆದು ಬಯ್ಯಿ, ಎಲ್ರಿಗೂ ಕೇಳೋ ಹಂಗೆ.

ಆರೂವರೆಗೆ ಮಾಡು. ಫೋನ್ ಆಫ್ ಮಾಡ್ಬ್ಯಾಡ. ಆರೂವರೆಗೆ.