ಕತ್ತರಿಸಿದ ನಲವತ್ತು ಸೆಕೆಂಡು

ಫೆಬ್ರವರಿ 3, ಬೆಳಿಗ್ಗೆ 7
ಲೇತ್‌ಗೆ ಎಣ್ಣೆ ಬಿಟ್ಟೆ. ಬೆರಳಿಗೆ ಕಬ್ಬಿಣದ ಸಿಬಿರು ಹೊಕ್ಕಿತ್ತು, ಹಲ್ಲಿನಲ್ಲಿ ಕಿತ್ತು ಉಗಿದೆ. ಇವತ್ತು ನಾಲ್ಕನೆಯ ವಿಡಿಯೋ. ಯೂನಿವರ್ಸಿಟಿಯ ಹೊಸ ಆರ್ಡರ್ — ನಮ್ಮದೇ ವರ್ಕ್‌ಷಾಪು, ನಮ್ಮದೇ ಮಷೀನು, ನಾವೇ ತೆಗೆದ ವಿಡಿಯೋ. ಹುಡುಗರು ಮನೆಯಲ್ಲಿ ನೋಡಿಕೊಂಡು ಬಂದು ನೇರ ಮಷೀನಿಗೆ ಕೈ ಹಾಕುವುದು. ಸ್ಟೂಡೆಂಟ್ ಎಂಗೇಜ್‌ಮೆಂಟಂತೆ. ನನಗೆ ಗೊತ್ತಿದ್ದ ಎಂಗೇಜ್‌ಮೆಂಟು ಒಂದೇ. ಅದಾಗಿ ಮೂವತ್ತೊಂಬತ್ತು ವರ್ಷ. ಹೆಂಡತಿ ತೀರಿಕೊಂಡು ನಾಲ್ಕು.

ಹೋದ ವಾರದ್ದು ಹಿಟ್. ಕೈಗವಸು ಹಾಕಿ ಡ್ರಿಲ್ ಮುಟ್ಟಬಾರದು ಅಂತ ತೋರಿಸಲು, ಕೈಗವಸಿಗೆ ಮಣ್ಣು ತುಂಬಿ ಡ್ರಿಲ್ಲಿನ ಬಾಯಿಗೆ ಕೊಟ್ಟಿದ್ದೆ. ಕಚ್ಚಿತು, ತಿರುಚಿತು, ಬೆರಳು ಬೆರಳು ಹರಿದು ಗೋಡೆಗೆ ಎಸೆಯಿತು. "ಇನ್ನೊಂದ್ಸಲ ಸರ್!" — ಅರವತ್ತು ಕಾಮೆಂಟು.

ಫೆಬ್ರವರಿ 4
ಚಕ್ ಬಗ್ಗೆ ತೆಗೆದೆ. ಚಕ್ ಅಂದರೆ ಲೇತ್‌ನ ದವಡೆ. ಕಬ್ಬಿಣವನ್ನು ಕಚ್ಚಿ ಹಿಡಿದು ಗಿರ್ರನೆ ತಿರುಗುತ್ತದೆ. ಬಿಗಿಯುವುದಕ್ಕೆ ಒಂದು ಕೀ, ಗೇಣುದ್ದದ್ದು. ಬಿಗಿದ ಮೇಲೆ ತೆಗೆಯಲೇಬೇಕು. ಮರೆತು ಸ್ವಿಚ್ ಒತ್ತಿದರೆ ಗುಂಡಿನಂತೆ ಹಾರುತ್ತದೆ. ಇದನ್ನು ಹೇಳುವಾಗೆಲ್ಲ ಅವಳ ಮಿಕ್ಸಿ ಕಥೆ ಹೇಳುವುದು ನನ್ನ ಚಾಳಿ. ಒಳಗೆ ಚಮಚ ಬಿಟ್ಟು ಸ್ವಿಚ್ ಹಾಕಿದ್ದಳು. ಮುಚ್ಚಳ ಸೂರಿಗೆ ಹೊಡೆಯಿತು, ಗುರುತು ಇನ್ನೂ ಇದೆ. "ಗುರಿ ನಿಮ್ಮ ತಲೆಗಿತ್ತು ಕಣ್ರೀ, ಸ್ವಲ್ಪದ್ರಲ್ಲಿ ತಪ್ಪೋಯ್ತು" ಅಂದಿದ್ದಳು. ಅವಳ ದನಿಯಲ್ಲೇ ಅಂದು ತೋರಿಸಿದೆ.

ಫೆಬ್ರವರಿ 9
ಹೆಚ್ಓಡಿ ಮೇಡಂ ವಿಡಿಯೋ ನೋಡಿದವರ ಗ್ರಾಫ್ ತೋರಿಸಿದರು. "ನೋಡಿ ಸರ್, ಇಲ್ಲಿಗ್ ಬಂದ ತಕ್ಷಣ ಎಲ್ರೂ ಎದ್ದೋಗ್ತಾರೆ." ಸರಿಯಾಗಿ ಮಿಕ್ಸಿ ಹತ್ತಿರ. ಕೆಳಗೊಂದು ಕಾಮೆಂಟು: ಅಜ್ಜನ ಪುರಾಣ, ಸ್ಕಿಪ್ ಮಾಡ್ರೋ.
"ಕಥೆ ತೆಗೆದ್ಬಿಡಿ. ಮೂರು ನಿಮಿಷದೊಳಗೆ ಬರ್ಲಿ."
ಮೈ ಉರಿಯಿತು. ನಾನೇ ಕತ್ತರಿಸಿದೆ. ನಗು ಶುರುವಾದಲ್ಲಿಂದ ನಗು ಮುಗಿಯುವವರೆಗೆ, ನಲವತ್ತು ಸೆಕೆಂಡು. ಆ ಭಾಗ ಹಾಕಿ ನೋಡಲಿಲ್ಲ... ಅವಳ ದನಿ ನನ್ನ ಬಾಯಲ್ಲಿ ಕೇಳಲು ಆಗಲಿಲ್ಲ.

ಫೆಬ್ರವರಿ 20
ಹೊಸ ಬ್ಯಾಚ್. ಒಬ್ಬ ಬಾಗಿಲಿಗೆ ತಲೆ ತಗ್ಗಿಸಿ ಬರುತ್ತಾನೆ — ಏಣಿ. ಒಬ್ಬಳು ಎಲ್ಲದಕ್ಕೂ "ಯಾಕೆ ಸರ್?" — ಅವಳಿಗೆ ಯಾಕಮ್ಮ ಅಂತ ನಾಮಕರಣ ಮಾಡಿದೆ.
"ವಿಡಿಯೋ ನೋಡಿದ್ಯೇನಮ್ಮಾ?"
"ಎರಡ್ ಸಲ. ಆದ್ರೆ ಅದನ್ನ ಯಾಕೆ ಅಂತ ಕೇಳಕ್ಕಾಗಲ್ವಲ್ಲ ಸರ್."

ಮಾರ್ಚ್ 2, ಮಧ್ಯಾಹ್ನ 3
ಶರ್ಟು ಬದಲಿಸಿಲ್ಲ. ರಕ್ತ ಒಣಗಿ ತೋಳು ಬಿರುಸಾಗಿದೆ.
ಮೂಲೆಯಲ್ಲಿ ಮುಂದಿನ ವಿಡಿಯೋಗೆ ಲೈಟು ಸರಿಮಾಡುತ್ತಿದ್ದೆ. ಏಣಿ ಚಕ್ ಬಿಗಿದ. ಸ್ವಿಚ್ ಒತ್ತಿದ. ಕೀ ಅಲ್ಲೇ ಇತ್ತು. ಎದುರಿಗೆ ಯಾಕಮ್ಮ. ಹಲಗೆ ಸೀಳಿದಂಥ ಸದ್ದು. ಅವಳ ಕನ್ನಡಕ ಮುಖದೊಳಕ್ಕೇ ಹೋಗಿತ್ತು. ಕೆನ್ನೆ ಬಿರಿದು ಮೂಳೆ ಬೆಳ್ಳಗೆ. ಬಲಗಣ್ಣಿದ್ದ ಕಡೆ ಅಂಗೈ ಒತ್ತಿ ಹಿಡಿದೆ. ಬಿಸಿ. ಬೆರಳ ಸಂದಿಯಿಂದ ಬರುತ್ತಲೇ ಇತ್ತು.
"ಕಾಣ್ತಿಲ್ಲ... ಯಾಕೆ ಸರ್?"
ಹಿಂದೆ ಹುಡುಗರು ಏಣಿಯನ್ನು ಕೆಡವಿಕೊಂಡು ತುಳಿಯುತ್ತಿದ್ದರು. ಹಲ್ಲು ನೆಲಕ್ಕೆ ಬಿತ್ತು. ಅವನು ಕಿರುಚುತ್ತಿದ್ದ — "ವಿಡಿಯೋದಲ್ಲಿ ಇರ್ಲಿಲ್ಲ! ಬಿಗಿ, ಸ್ವಿಚ್ ಒತ್ತು, ಅಷ್ಟೇ ಇದ್ದಿದ್ದು!"

ಮಾರ್ಚ್ 3, ಬೆಳಿಗ್ಗೆ 5
ಕತ್ತರಿಸದ ಪ್ರತಿ ಹಾಕಿ ನೋಡಿದೆ. ಮಿಕ್ಸಿ ಕಥೆಯ ನಟ್ಟನಡುವೆ, ನಗುತ್ತಾ, ಕೀ ತೆಗೆದು ಕ್ಯಾಮೆರಾಗೆ ಹಿಡಿದು, ಇದನ್ನು ತೆಗೆಯಲೇಬೇಕು ಅನ್ನುತ್ತೇನೆ. ಕಥೆಯ ಜೊತೆ ಅದೂ ಹೋಯಿತು. ನಾನೇ.
ತಲೆಯನ್ನು ಗೋಡೆಗೆ ಚಚ್ಚಿಕೊಂಡೆ. ಹಣೆ ಒಡೆಯುವವರೆಗೆ.

ಮಾರ್ಚ್ 6
ಕಣ್ಣು ಉಳಿಯಲಿಲ್ಲ.
ಮೇಡಂ ಬಾಗಿಲು ಹಾಕಿ ಹೇಳಿದರು — "ಕತ್ತರಿಸ್ದೇ ಇರೋದನ್ನ ಹಳೇ ಜಾಗದಲ್ಲೇ ಏರಿಸ್ಬಿಡಿ ಸರ್. ಹುಡುಗ ಸರಿಯಾಗಿ ನೋಡಿಲ್ಲ ಅಂತಾಗುತ್ತೆ."
"ಅವನ ಗತಿ?"
"ಡಿಬಾರ್ ಆಗ್ತಾನೆ. ಕೇಸೂ ಅವನ ಮೇಲೇ. ಮೇ ತಿಂಗಳಲ್ಲಿ ನಿಮ್ ರಿಟೈರ್‌ಮೆಂಟು. ಜೈಲಲ್ಲಿ ಮಾಡ್ಕೋತೀರಾ?"
ರಿಪೋರ್ಟು ಆಗಲೇ ತಯಾರು. ದಿ ಕೀ ವಾಸ್ ಲೆಫ್ಟ್ ಇನ್ ದಿ ಚಕ್. ಪ್ಯಾಸಿವ್ ವಾಯ್ಸ್! ಕಾಲೇಜಿನ ಇಂಗ್ಲಿಷಿನಲ್ಲಿ ಚೆನ್ನಾಗಿ ನೆನಪಿರುವುದು ಅದೊಂದೇ — ಮಾಡಿದವನು ಕಾಣದ ಹಾಗೆ ಬರೆಯುವುದು. ಹಾಳೆಯನ್ನು ಹರಿದು ಅವರ ಮುಖದ ಮೇಲೆ ಎಸೆದೆ. ಹೊರಗೆ ಬಂದೆ. ಆಮೇಲೆ ಯೋಚನೆ ಬಂತು — ಏರಿಸಿಬಿಟ್ಟರೆ?

ಮಾರ್ಚ್ 19
ಎಡಗೈ ಬರಹ. ಕೋಳಿ ಕೆದರಿದ ಹಾಗಿದೆ.
ಹನ್ನೊಂದನೇ ತಾರೀಖು ವಿಚಾರಣೆಯ ಕಮಿಟಿ. ಎರಡೂ ವಿಡಿಯೋ ಹಾಕಿ ತೋರಿಸಿದೆ. ಕತ್ತರಿಸಿದವನು ನಾನು ಅಂದೆ. ಸಾಕ್ಷಿಗೆಂದು ಮೇಜಿನ ಮೇಲೆ ಕೀ ಇಟ್ಟಿದ್ದರು. ಯಾಕಮ್ಮನ ಅಪ್ಪ ಎದ್ದು ಅದನ್ನೇ ಎತ್ತಿಕೊಂಡ.
"ನಿನ್ ಹೆಂಡ್ತಿ ಕಥೆ ಮುಚ್ಚೋಕೆ ನನ್ ಮಗಳ ಕಣ್ಣು ಬೇಕಿತ್ತೇನೋ ಮುದುಕಾ!"
ಅಡ್ಡ ಬರಬಾರದು ಅಂದುಕೊಂಡಿದ್ದೆ. ಕೈ ತಾನಾಗಿ ಹೋಯಿತು. ಮೊದಲ ಏಟಿಗೆ ಮೊಳಕೈ. ಎರಡನೆಯದಕ್ಕೆ ಮಣಿಕಟ್ಟು. ಮೂರನೆಯದು ತಲೆಗೆ ಬರುವುದಿತ್ತು. ಏಣಿ ಅವನನ್ನು ಹಿಂದಿನಿಂದ ತಬ್ಬಿ ಹಿಡಿದ. ಮುಂದಿನ ಹಲ್ಲಿಲ್ಲ, ಮಾತೆಲ್ಲ ಗಾಳಿ. "ಸಾಕು ಅಂಕಲ್... ಸಾಕು." ಆ ಮನುಷ್ಯ ಕೀ ಬಿಟ್ಟು, ಹುಡುಗನ ತೋಳಿನಲ್ಲೇ ಕುಸಿದು ಅತ್ತ.
ಹುಡುಗನ ಮೇಲಿನ ಕೇಸು ಬಿದ್ದುಹೋಯಿತು. ಈಗ ನನ್ನ ಮೇಲಿದೆ. ಇರಲಿ.

ಮಾರ್ಚ್ 22, ಬೆಳಿಗ್ಗೆ 10
ಫೋನಿಗೆ ವಾಯ್ಸ್ ಮೆಸೇಜು ಬಂದಿದೆ. ಯಾಕಮ್ಮ. ದವಡೆಗೆ ತಂತಿ ಬಿಗಿದಿದ್ದಾರೆ, ಮಾತು ಹಲ್ಲಿನ ಸಂದಿಯಿಂದ.
"ಸರ್, ಅದ್ರಲ್ಲಿ ಏನೋ ಕಥೆ ಇತ್ತಂತೆ. ಅಪ್ಪ ಹೇಳ್ತಿಲ್ಲ. ನನಗಿನ್ನೂ ವಿಡಿಯೋ ನೋಡೋ ಹಾಗಿಲ್ಲ. ಏನ್ ಕಥೆ ಸರ್? ಯಾಕೆ ಕತ್ತರಿಸಿದ್ರಿ?"
ಐದು ಸಲ ಕೇಳಿದೆ. ಮೊದಲು ಇಲ್ಲಿ ಬರೆದುಕೊಂಡು, ಆಮೇಲೆ ಓದಿ ಕಳಿಸುತ್ತೇನೆ. ಏನನ್ನೂ ಬಿಡದೆ.

ಮಗಳೇ, ನನ್ನ ಹೆಂಡತಿ ಒಂದು ದಿನ ಮಿಕ್ಸಿಯೊಳಗೆ ಚಮಚ ಬಿಟ್ಟು ಸ್ವಿಚ್ಚಿಗೆ ಕೈ ಚಾಚಿದಳು. ಅಲ್ಲೇ ನಿಲ್ಲು. ಒತ್ತುವ ಮುಂಚೆ, ಮೊದಲು ಕೀ ತೆಗೆಯಬೇಕು —