ಕೆಂಪು ಚೌಕದ ಹಾಳೆ

ಜೂನ್ 9, ಸೋಮವಾರ. ಸಂಜೆ 7.30

ಇಪ್ಪತ್ತಾರು ಫೈಲ್. ಪಂಚ್ ಮಾಡಿದೆ, ದಾರ ಕಟ್ಟಿದೆ, ಪುಟಸಂಖ್ಯೆ ಹಾಕಿದೆ. ಆಸ್ಪತ್ರೆಯ ರೆಕಾರ್ಡ್ಸ್ ರೂಮಿನ ಫ್ಯಾನ್ ಇವತ್ತೂ ರಿಪೇರಿಯಾಗಲಿಲ್ಲ.

11.20ಕ್ಕೆ ಕಿಟಕಿಯಲ್ಲಿ ನಮ್ಮ ಓನರ್ ಚಿಕ್ಕಬೈರಪ್ಪ! ಕೊಪ್ಪಳದಿಂದ ಬಂದಾಗಿನಿಂದ, ಬಿಳೇಕಹಳ್ಳಿಯ ಅವರ ಮಹಡಿ ಮೇಲೆಯೇ ನನ್ನ ಬಾಡಿಗೆ ಮನೆ. ಬೆಳಿಗ್ಗೆ ಮೋಟರ್ ಹಾಕುತ್ತಿದ್ದ ಮನುಷ್ಯ ಇಲ್ಲಿ ಇಸ್ತ್ರಿ ಶರ್ಟು ತೊಟ್ಟು ಅರ್ಜಿ ಹಿಡಿದು ನಿಂತಿದ್ದರು. ಹೆಂಡತಿ ಸೊಣ್ಣಮ್ಮನವರ ಕೇಸ್ ಶೀಟ್ ಪೂರ್ತಿ ಬೇಕಂತೆ.

"ಲಾಯರು ಹೇಳವ್ನೆ ಕಣಮ್ಮ. ಕೇಳಿದ ಎಪ್ಪತ್ತೆರಡು ಗಂಟೆ ಒಳ್ಗೆ ಕೊಡ್ಲೇಬೇಕಂತೆ. ಹೌದಾ?"

"ಹೌದ್ರಿ ಅಂಕಲ್."

ಸೀಲ್ ಒತ್ತಿ, ಟೈಮ್ ಬರೆದು, ಒಂದು ಪ್ರತಿ ಅವರಿಗೆ ಕೊಟ್ಟೆ. ಹತ್ತು ನಿಮಿಷಕ್ಕೆ ಮ್ಯಾನೇಜರ್ ಶಶಿಧರ್ ಹಾಜರ್. "ಸೀಲ್ ಯಾಕೆ ಹಾಕಿದ್ರಿ ಶೈಲಶ್ರೀ? ನನ್ನ ಕೇಳ್ಬೇಕು ತಾನೆ?" ನಗುತ್ತಲೇ ಕೇಳಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನಿನ್ನೂ ಯಾರನ್ನೂ ಕಳ್ಳ ಅಂದೇ ಇರಲಿಲ್ಲ. ಫೈಲನ್ನು ತಮ್ಮ ಚೇಂಬರಿಗೆ ಒಯ್ದರು.

ಜೂನ್ 10, ಮಂಗಳವಾರ. ಊಟದ ಹೊತ್ತು

ಫೈಲ್ ಬಂದಿಲ್ಲ. ಮಧುಮತಿ ಸಿಸ್ಟರ್ ಬೆಳಿಗ್ಗೆಯಿಂದ ಎರಡು ಸಲ ಆ ಚೇಂಬರಿಗೆ ಹೋಗಿ ಬಂದಳು. ದಿನವೂ ನನ್ನ ಜೊತೆ ಊಟಕ್ಕೆ ಕೂರುವವಳು ಇವತ್ತು ಬೇರೆ ಮೇಜು. ಏನಾಯಿತು ಎಂದರೆ ಹಲ್ಲುನೋವಂತೆ. ಹಲ್ಲುನೋವಿನವಳು ಚಕ್ಕುಲಿ ಕಡಿಯುತ್ತಿದ್ದಳು.

ಆವತ್ತಿನದನ್ನು ಬರೆದಿಡಬೇಕು. ಇವರ ಮಧ್ಯೆ ಇದ್ದರೆ ನಾಳೆ ನನ್ನ ನೆನಪನ್ನೇ ನಾನು ನಂಬಲಾರೆ.

ಮೇ 21. ಸೊಣ್ಣಮ್ಮನವರ ಕಾಲಿನ ಹುಣ್ಣು ಕೀವಾಗಿತ್ತು. "ನಮ್ಮ ಆಸ್ಪತ್ರೀಗೇ ಬರ್ರಿ, ನಾ ಇದೀನಲ್ಲ" ಎಂದವಳು ನಾನು. ಆಟೋ ಸಿಗ್ನಲ್‌ನಲ್ಲಿ ನಿಂತಾಗ ಹೇಳಿದರು — "ಪೆನ್ಸಿಲಿನ್ ಸೂಜಿ ನಂಗಾಗಕಿಲ್ಲ ಕಣವ್ವ. ಬಾಣಂತನದಲ್ಲಿ ಕೊಟ್ಟು, ಸತ್ತು ಬದುಕಿದ್ದೀನಿ." ಅಡ್ಮಿಶನ್ ಡೆಸ್ಕಿನಲ್ಲಿ ಮಧುಮತಿಗೂ ಅದನ್ನೇ ಹೇಳಿದರು. ಅವಳು ಬರೆದುಕೊಂಡಳು. ಪಕ್ಕದಲ್ಲೇ ಇದ್ದೆ, ಕಣ್ಣಾರೆ ನೋಡಿದ್ದೇನೆ.

ಮೂರು ಗಂಟೆಯ ನಂತರ ಅದೇ ಇಂಜೆಕ್ಷನ್. ಹೃದಯ ನಿಂತಿತು. ಮತ್ತೆ ನಡೆಸಿದರು. ಈಗ ಮನೆಯಲ್ಲಿ ಮಲಗಿದ್ದಾರೆ... ಉಸಿರಾಡುತ್ತಾರೆ, ಗಂಡನ ಗುರುತಿಲ್ಲ.

ಜೂನ್ 11, ಬುಧವಾರ. 4.15

ಫೈಲ್ ಬಂತು. ನಲವತ್ತೊಂದು ಪುಟ, ನಾನು ಕಟ್ಟಿದಷ್ಟೇ. ಗಂಟು ಮಾತ್ರ ನನ್ನದಲ್ಲ. ನಾನು ದಾರವನ್ನು ಎರಡು ಸುತ್ತು ಹಾಕುತ್ತೇನೆ.

ಮೂರನೇ ಪುಟ, ಅಡ್ಮಿಶನ್ ಶೀಟ್. ಮೇಲ್ಗಡೆ ಕೆಂಪು ಚೌಕ. "ಅಲರ್ಜಿ: ಇಲ್ಲ." ಮಧುಮತಿಯ ಸಹಿ, ಮೇ 21.

ಕೆಂಪು ಚೌಕ! ಮೇ ತಿಂಗಳಲ್ಲಿ ಎಲ್ಲಿತ್ತು ಕೆಂಪು ಚೌಕ? ಹಳೇ ಹಾಳೆಯಲ್ಲಿ ಅಲರ್ಜಿಗೆ ಕೆಳಗೆಲ್ಲೋ ಒಂದು ಗೆರೆ ಇತ್ತು, ಯಾರೂ ನೋಡುತ್ತಿರಲಿಲ್ಲ. ಸೊಣ್ಣಮ್ಮನವರದ್ದು ಆದ ಮೇಲೆ ಮೀಟಿಂಗ್ ಮಾಡಿದರು. ಇನ್ನು ಮುಂದೆ ಮೇಲೆಯೇ ಕೆಂಪಗೆ ಕಾಣಲಿ ಎಂದು ಹೊಸ ಪ್ಯಾಡ್ ಪ್ರಿಂಟ್ ಮಾಡಿಸಿದರು. ಪ್ರೆಸ್ಸಿನಿಂದ ಬಂದದ್ದು ಜೂನ್ 4. ಇಳಿಸಿಕೊಂಡು ಚಲನ್‌ಗೆ ಸಹಿ ಹಾಕಿದವಳು ನಾನೇ. ಹಳೇ ಪ್ಯಾಡೆಲ್ಲ ಅವತ್ತೇ ರದ್ದಿಗೆ ಹೋಯಿತು. ಅಂದರೆ, ಆ ತಪ್ಪಿನಿಂದ ಪಾಠ ಕಲಿತು ಮಾಡಿಸಿದ ಹಾಳೆಯಲ್ಲೇ ಆ ತಪ್ಪನ್ನು ಮುಚ್ಚಿದ್ದಾರೆ, ಪುಣ್ಯಾತ್ಮರು.

ನಗು ಬಂತು. ಆಮೇಲೆ ಸ್ಟೋರಿಗೆ ಹೋಗಿ ಚಲನ್ನಿನ ತಾರೀಖು ಮತ್ತೊಮ್ಮೆ ನೋಡಿದೆ.

ಜೂನ್ 12, ಗುರುವಾರ

ಜೆರಾಕ್ಸ್ ಆಯಿತು. ಕೆಂಪು ಚೌಕ ಕಪ್ಪಾಗಿ ಬಂದಿದೆ. ಪ್ರತಿ ಪುಟಕ್ಕೂ "ನಿಜ ಪ್ರತಿ" ಎಂಬ ಸೀಲ್, ಕೆಳಗೆ ನನ್ನ ಸಹಿ — ದಿನವೂ ಮಾಡುವ ಕೆಲಸ. ಮೂರನೇ ಪುಟದಲ್ಲಿ ಪೆನ್ನು ನಿಂತಿತು.

"ಸರ್, ಈ ಹಾಳಿ..."

ಶಶಿಧರ್ ಬಾಗಿಲು ಮುಚ್ಚಿದರು. "ನೀವು ಅವ್ರ ಮನೇಲೇ ಬಾಡಿಗೆಗಿರೋದು ಅಲ್ವಾ? ದೊಡ್ಡ ಡಾಕ್ಟ್ರಿಗೆ ಇನ್ನೂ ಹೇಳಿಲ್ಲ ನಾನು. ಗೊತ್ತಾದ್ರೆ, ಇದೆಲ್ಲ ನೀವೇ ಹೇಳ್ಕೊಟ್ಟಿದ್ದು ಅಂತಾರೆ. ಸುಮ್ನೆ ಸೈನ್ ಮಾಡಿ ಮೇಡಂ, ಟೈಮ್ ಆಯ್ತು."

ಮಾಡಿದೆ. ನಲವತ್ತೊಂದು ಸಹಿ. 10.50ಕ್ಕೆ, ಗಡುವಿಗೆ ಅರ್ಧ ಗಂಟೆ ಮೊದಲೇ, ಚಿಕ್ಕಬೈರಪ್ಪನವರ ಕೈಗೆ ಕೊಟ್ಟೆ. ಕಾನೂನು ಪಾಲನೆಯಾಯಿತು. ಎರಡೂ ಕೈಯಲ್ಲಿ ತೆಗೆದುಕೊಂಡರು, ಪ್ರಸಾದದ ಹಾಗೆ. ನಾಚಿಕೆಯಾಗುತ್ತಿದೆ. ಹೇಡಿ ನಾನು.

ಜೂನ್ 22, ಭಾನುವಾರ. ಬೆಳಿಗ್ಗೆ 6.40

ಹತ್ತು ದಿನ ಬರೆಯಲಿಲ್ಲ. ಮೆಟ್ಟಿಲ ಹತ್ತಿರ ಅಂಕಲ್ ಎದುರಾದಾರೆಂದು ಬೇಗ ಹೋದೆ, ತಡವಾಗಿ ಬಂದೆ. ಇವತ್ತು ಕುಡಿಯುವ ನೀರಿಗೆ ಇಳಿದವಳು ಸಿಕ್ಕಿಬಿದ್ದೆ.

"ಲಾಯರು ಪೇಪರ್ ನೋಡ್ದ ಕಣಮ್ಮ. ಅಲರ್ಜಿ ಹೇಳಿದ್ರು ಅನ್ನಕ್ಕೆ ಪುರಾವೆ ಇಲ್ಲ, ಗ್ರಾಹಕರ ಕೋರ್ಟಲ್ಲಿ ಕೇಸು ನಿಲ್ಲಕಿಲ್ಲ ಅಂದ. ಆಸ್ಪತ್ರೆಯೋರು ತಿದ್ದವ್ರಾ ಅಂತ್ಲೂ ಕೇಳ್ದ. ನಾನು ಬಾಯಿ ಮುಚ್ಚಿಸ್ದೆ. ನಮ್ಮನೆ ಹುಡ್ಗಿ ರುಜು ಐತೆ, ಅವಳು ಸುಳ್ಳಿಗೆ ರುಜು ಹಾಕೋಳಲ್ಲ ಅಂದೆ."

ನಾನು ಬಿಂದಿಗೆಯನ್ನು ನಲ್ಲಿಯ ಕೆಳಗಿಟ್ಟೆ.

"ಇವಳೇ ಹೇಳೋದ್ ಮರ್ತಿರ್ಬೇಕು ಬುಡು. ನೆನ್ನೆ ಟ್ಯೂಬಲ್ಲಿ ಗಂಜಿ ಹಾಕ್ತಾ ಬೈದೆ ಅವಳ್ನ. ಒಂದ್ ಮಾತು ಹೇಳಕ್ಕೇನಾಗಿತ್ತೇ ನಿಂಗೆ ಅಂತ."

ಬಾಯಿಲ್ಲದವರನ್ನು ಬೈದಿದ್ದಾರೆ. ಅವರು ಹೇಳಿದ್ದರು. ಎರಡು ಸಲ ಹೇಳಿದ್ದರು!

ಮೇಲೆ ಬಂದೆ. ಹೊಸ ಪ್ಯಾಡ್ ಬಂದ ಜೂನ್ 4ರ ಚಲನ್ನಿನ ಸ್ಟೋರ್ ಕಾಪಿ ಹನ್ನೊಂದನೇ ತಾರೀಖಿನಿಂದ ನನ್ನ ಬ್ಯಾಗಿನಲ್ಲೇ ಇದೆ. ಯಾಕೆ ತಂದೆ ಎಂದು ಇಷ್ಟು ದಿನ ನನ್ನ ಮೇಲೆ ನನಗೇ ಅನುಮಾನ. ಕೆಲಸ ಹೋಗುತ್ತದೆ. ಮನೆಯೂ ಹೋಗಬಹುದು, ಇಂಥವಳನ್ನು ಯಾವ ಓನರ್ ಇಟ್ಟುಕೊಂಡಾರು? ಕೋರ್ಟಿನಲ್ಲಿ ಮೊದಲು ಕೇಳುವುದೂ ನನ್ನ ಸಹಿಯನ್ನೇ.

ಕೆಳಗೆ ಮೋಟರ್ ನಿಂತಿತು. ಅವರು ಒಳಗೆ ಹೋಗುವ ಮುಂಚೆ ಹಿಡಿಯಬೇಕು. ಆಡುವ ಮಾತನ್ನು ಇಲ್ಲಿ ಬರೆದುಕೊಂಡೇ ಇಳಿಯುತ್ತೇನೆ, ಇಲ್ಲದಿದ್ದರೆ ಮೆಟ್ಟಿಲಲ್ಲೇ ನುಂಗಿಬಿಡುತ್ತೇನೆ.

"ಅಂಕಲ್, ಸೊಣ್ಣಮ್ಮಾರು ಮರ್ತಿಲ್ರಿ. ನನ್ನ ಮುಂದನ ಹೇಳ್ಯಾರ. ಆ ಸಹಿ ನಂದ ಖರೆ, ಆದ್ರ ಆ ಹಾಳಿ—