ಚೈನೋ, ಬೆಲ್ಟೋ

೧೨ ಮಾರ್ಚ್, ಮಂಗಳವಾರ

ಪ್ರೀತಿಯ ಅಮ್ಮನಿಗೆ,

ನನ್ನ ಗ್ಯಾರೇಜಿನಲ್ಲಿ ನೀನು ಬಿಟ್ಟುಹೋದ ಬೈಕನ್ನು ನಾಲ್ಕು ದಿನ ಕೂತು ನೋಡಿದೆ. ಫೋನಿನಲ್ಲಿ ಹೇಳಹೊರಟರೆ ಅರ್ಧಕ್ಕೇ ಇಟ್ಟುಬಿಡುತ್ತೀಯ, ಅದಕ್ಕೇ ಈ ಕಾಗದ.

ಸೀಟಿಗೆ ಅಂಟಿಸಿದ್ದ ನಿನ್ನ ಚೀಟಿಯಲ್ಲಿ, ‘ಏರಲ್ಲಿ ಎಳೆಯಲ್ಲ, ಗೇರ್ ಹಾಕಿದ್ರೆ ಜರ್ಕ್ ಹೊಡೆಯುತ್ತೆ. ಮುಂದಿನ ತಿಂಗಳ ಪ್ರವಾಸಕ್ಕೆ ಮೊದಲು ಚೈನ್ ತೆಗೆದು ಬೆಲ್ಟ್ ಹಾಕು’ ಎಂದಿತ್ತು. ಬೆಲ್ಟಿನ ಗುಣ ನನಗೂ ಗೊತ್ತು: ಎಣ್ಣೆ ಕೇಳುವುದಿಲ್ಲ, ಸದ್ದಿಲ್ಲ. ಆದರೆ ಈ ಬೈಕಿಗೆ ಅದನ್ನು ಕೂರಿಸಬೇಕೆಂದರೆ ಹಿಂದಿನ ಚಕ್ರದ ನಡುವಿನ ಹಬ್ ಅನ್ನೇ ಬದಲಿಸಬೇಕು. ದಾರಿಯಲ್ಲಿ ಕಲ್ಲು ಸಿಕ್ಕಿ ಹರಿದರೆ ಸಣ್ಣ ಊರುಗಳಲ್ಲಿ ಹೊಸದು ಸಿಗುವುದಿಲ್ಲ. ಅಳತೆ ಹಿಡಿದು ನೋಡಿದೆ, ನಿನ್ನ ಚೈನು ಹಿಗ್ಗಿಲ್ಲ, ಅದು ಕೂರುವ ಸ್ಪ್ರಾಕೆಟಿನ ಒಂದು ಹಲ್ಲೂ ಸವೆದು ಚೂಪಾಗಿಲ್ಲ.

ಬೈಕಿನ ಎರಡೂ ಪಕ್ಕದ ಸಾಮಾನು ಪೆಟ್ಟಿಗೆಗಳಿಗೆ ಮರಳು ತುಂಬಿ, ಹಿಂದೆ ಪಕ್ಕದಂಗಡಿಯ ವೆಲ್ಡರ್ ಅಣ್ಣನನ್ನು ಕೂರಿಸಿಕೊಂಡು ನೀರಿನ ಟ್ಯಾಂಕಿನ ಏರು ಹತ್ತಿಸಿದೆ. ಒಂಚೂರೂ ತಿಣುಕದೆ ಹತ್ತಿತು. ‘ಇದಕ್ಕೇನ್ ಧಾಡಿ? ಗುಂಡುಕಲ್ಲಿನ ಹಾಗಿದೆಯಲ್ಲ!’ ಎಂದ ಅಣ್ಣ.

ಆಮೇಲೆ ಕ್ಲಚ್ ಬಿಚ್ಚಿದೆ. ಪ್ಲೇಟುಗಳು ಇನ್ನೂ ಹಿಡಿಯುತ್ತಿದ್ದರೂ, ಅಂಚುಗಳು ಬಿಸಿಗೆ ನೀಲಿಗಟ್ಟಿದ್ದವು. ಕ್ಲಚ್ಚಿನ ಲಿವರನ್ನು ಪೂರ್ತಿ ಹಿಡಿಯದೆ, ಪೂರ್ತಿ ಬಿಡದೆ ಓಡಿಸಿದರೆ ಹೀಗಾಗುತ್ತದೆ. ಮೂವತ್ತು ವರ್ಷ ಓಡಿಸಿದ ನೀನು ಹಾಗೆ ಓಡಿಸುವವಳಲ್ಲ. ನಿನ್ನ ಹಿಂದೆ ಕೂರುವ ಟೈಲರ್ ಚಿಕ್ಕಮ್ಮನನ್ನು ಕೇಳಿದೆ. ಮೊದಲು ಹಾರಿಕೆಯ ಉತ್ತರ ಕೊಟ್ಟಳು. ಕೊನೆಗೆ ಬಾಯಿಬಿಟ್ಟಳು: ‘ಸಿಗ್ನಲಲ್ಲಿ ನಿಮ್ಮಮ್ಮ ಕ್ಲಚ್ ಹಿಡಿಯೋಕೆ ಬಲಗೈನೂ ಹಾಕ್ತಾಳೆ ಕಣೇ. ಎಡಗೈಲಿ ಶಕ್ತಿನೇ ಇಲ್ಲ. ನಿಂಗೆ ಹೇಳಿದ್ರೆ ನನ್ ಜತೆ ಮಾತು ಬಿಡ್ತಾಳಂತೆ.’

ಬೆಲ್ಟ್ ಹಾಕಿದರೂ ಕ್ಲಚ್ ಹಿಡಿಯಬೇಕಾದದ್ದು ಅದೇ ಎಡಗೈ ಅಮ್ಮಾ. ‘ಮೊದಲೇ ಯಾಕೆ ಬರಲಿಲ್ಲ?’ ಎಂದು ವಾರ್ಡಿನಲ್ಲಿ ಎಷ್ಟು ಜನರನ್ನು ಗದರಿಸಿದ ನರ್ಸ್ ನೀನು!

ಹಾಗಾಗಿ ಬೆಲ್ಟ್ ಬೇಡ. ಕ್ಲಚ್ ಪ್ಲೇಟುಗಳನ್ನು ಮಾತ್ರ ಹೊಸದಾಗಿ ಹಾಕಿದ್ದೇನೆ. ಮುಂದಿನ ಗುರುವಾರ ಹನ್ನೊಂದಕ್ಕೆ ನರರೋಗದ ಡಾಕ್ಟರ ಹತ್ತಿರ ನಿನ್ನ ಹೆಸರು ಬರೆಸಿದ್ದೇನೆ. ಕರೆದೊಯ್ಯಲು ನಾನೇ ಬರುತ್ತೇನೆ. ಅವರು ಸರಿ ಎನ್ನುವವರೆಗೆ ಬೈಕು ಇಲ್ಲೇ ಇರಲಿ. ಬೈಯುವುದಿದ್ದರೆ ದಾರಿಯಲ್ಲಿ ಬೈ.

ನಿನ್ನಷ್ಟೇ ಮೊಂಡಿಯಾದ,
ಮಗಳು

ತಾ.ಕ.: ಚಿಕ್ಕಮ್ಮನ ಮೇಲೆ ಸಿಟ್ಟಾಗಬೇಡ. ಎರಡು ತಿಂಗಳ ಹಿಂದೆ ನಮ್ಮ ಮನೆಯಲ್ಲಿ ನಿನ್ನ ಕೈಯಿಂದ ಲೋಟ ಜಾರಿತು. ಕೈ ಒದ್ದೆಯಿತ್ತು ಎಂದೆ ನೀನು. ಒದ್ದೆಯಿರಲಿಲ್ಲ, ನಾನು ನೋಡಿದ್ದೆ. ಕೇಳಲು ಹೆದರಿ, ಸುಮ್ಮನೆ ನೆಲ ಒರೆಸಿದೆ.